ಅಕ್ಕ ಕಹಿ ಎಂದ ಪುಡಿ

ಫೆಬ್ರವರಿ 9, ಭಾನುವಾರ

ಮರವೂ ಬೇಡ, ವರ್ಷಗಟ್ಟಲೆ ಕಾಯುವುದೂ ಬೇಡ ಎಂಬ ಕಥೆಯನ್ನು ನಮ್ಮ ಮನೆಯಲ್ಲಿ ಮೊದಲು ಹೇಳಿದವರು ಚೀಲದವರು. ಹೋದ ಡಿಸೆಂಬರಿನ ಒಂದು ಮಧ್ಯಾಹ್ನ, ನಾನು ಹಾಳಾದ ದಿಮ್ಮಿಗಳ ಮುಂದೆ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗ. ಅಣಬೆ ಬೆಳೆಯುವವರಿಗೆ ಬಿತ್ತನೆಯ ಚೀಲ ಮಾರುವುದು ಅವರ ಕಸುಬು. ಬಾಗಿಲಲ್ಲೇ ನಿಂತು ಹೇಳಿದರು:

"ಅಣಬೆಗೆ ಮರ ಆದ್ರೇನು, ಅಕ್ಕಿ ಆದ್ರೇನಮ್ಮ? ಹಸುಗೆ ಹುಲ್ಲು ಹಾಕಿ, ಹಿಂಡಿ ಹಾಕಿ, ಕೊಡೋದು ಹಾಲೇ ತಾನೆ?"

ಎಷ್ಟು ಚೆನ್ನಾಗಿ ಹೇಳಿದರು ಅನ್ನಿಸಿತು. ಬೇಕಾಗಿದ್ದ ಮಾತು ಯಾರು ಹೇಳಿದರೂ ಚೆನ್ನಾಗಿಯೇ ಕೇಳಿಸುತ್ತದೆ.

ಈ ಪುಸ್ತಕ ಹೊಸದು. ನಮ್ಮ ಮನೆಯವರು ಯಾರೂ ಇದಕ್ಕೆ ಪರಿಚಯವಿಲ್ಲ, ಹೇಳಿಬಿಡುತ್ತೇನೆ. ಅಕ್ಕ ಎಂದರೆ ನನ್ನ ಓರಗಿತ್ತಿ, ನಮ್ಮವರ ಅಣ್ಣನ ಹೆಂಡತಿ. ಭಾವ ತೀರಿಕೊಂಡ ಮೇಲೆ ಹಿತ್ತಲ ಶೆಡ್ಡಿನಲ್ಲಿ ಅಣಬೆ ಹಾಕಿದವಳು ಅವಳು. ಮರದ ದಿಮ್ಮಿಗೆ ತೂತು ಕೊರೆದು, ಬಿತ್ತನೆ ತುಂಬಿ, ಮೇಣ ಮೆತ್ತಿ ನೆರಳಿನಲ್ಲಿ ಮಲಗಿಸಿದರೆ, ವರ್ಷ ದಾಟಿದ ಮೇಲೆ ಕೆಂಪು ಮೆರುಗೆಣ್ಣೆ ಬಳಿದಂಥ ಕೊಡೆ ಬಿಡುತ್ತದೆ. ಪೊಟ್ಟಣದ ಮೇಲೆ ಅದರ ಹೆಸರು ರೇಶಿ, ನಮ್ಮ ಬಾಯಲ್ಲಿ ಮೆರುಗಣಬೆ. ಅಡುಗೆಗೆ ಬರುವುದಲ್ಲ, ಮರದಷ್ಟು ಗಟ್ಟಿ. ಒಣಗಿಸಿ, ಬೀಸಿ, ಕುದಿಸಿ ಕುಡಿಯುವುದು. ಬಾಯಿಗಿಟ್ಟರೆ ಹಿಂದಿನ ಜನ್ಮದ ಪಾಪವೂ ನೆನಪಾಗುವಷ್ಟು ಕಹಿ.

ಆ ಕಹಿಯೇ ನಮ್ಮ ಮನೆಯ ಮರ್ಯಾದೆ. ಪ್ರತಿ ಸಲ ಬೀಸಿದ ಪುಡಿಯನ್ನೂ ಅಕ್ಕ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಳ್ಳುತ್ತಾಳೆ. ಕಹಿ ಎಂದರೆ ಹೊರಗೆ ಹೋಗುತ್ತದೆ, ಸಪ್ಪೆ ಎಂದರೆ ಗೊಬ್ಬರದ ಗುಂಡಿಗೆ. ಕೊಳ್ಳುವವರು ಪೊಟ್ಟಣ ತಿರುಗಿಸಿಯೂ ನೋಡುವುದಿಲ್ಲ. "ಅಕ್ಕ ನೋಡಿದ್ದಾರಾ?" ಎನ್ನುತ್ತಾರೆ, ಅಷ್ಟೆ.

ನವೆಂಬರಿನಲ್ಲಿ ಅಕ್ಕ ಜ್ವರ ಬಂದು ಆಸ್ಪತ್ರೆ ಸೇರಿದಳು, ಅಲ್ಲಿಂದ ಸುಧಾರಿಸಿಕೊಳ್ಳಲು ತವರಿಗೆ ಹೋದಳು. ಶೆಡ್ಡು ನನ್ನ ಪಾಲಿಗೆ ಬಂತು. ಚಳಿ ಎಂದು ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದೆ. ಉಸಿರು ಕಟ್ಟಿದ ಅಣಬೆಗಳು ಕೊಡೆ ಬಿಡದೆ ಜಿಂಕೆಯ ಕೊಂಬಿನ ಹಾಗೆ ಎದ್ದವು. ಆಮೇಲೆ ಹಸಿರು ಬೂಷ್ಟು ಬಂದು ದಿಮ್ಮಿ ದಿಮ್ಮಿಯನ್ನೇ ನುಂಗಿತು.

ನಾಳಿದ್ದು ಅಕ್ಕ ಬರುತ್ತಾಳೆ. ಡಬ್ಬಿಗಳು ತುಂಬಿವೆ, ಚೀಲದವರ ಅಕ್ಕಿಯ ಮೇಲೆ ಬೆಳೆದದ್ದರಿಂದ. ಅಣಬೆಮನೆ ನಿಲ್ಲಬಾರದೆಂದು ನಾವು ಹೀಗೆ ಮಾಡಿದೆವು. ನಾವು ಎಂದು ಬರೆದೆ. ನಮ್ಮವರಿಗೆ ಶೆಡ್ಡಿನ ಬಾಗಿಲು ಯಾವ ಕಡೆ ತೆರೆಯುತ್ತದೆಂಬುದೂ ಗೊತ್ತಿಲ್ಲ.

ಫೆಬ್ರವರಿ 11, ಮಂಗಳವಾರ

ಅಕ್ಕ ಬಂದಳು. ಅರ್ಧ ಆಗಿಹೋಗಿದ್ದಾಳೆ. ಚೀಲ ಕೆಳಗಿಡುವ ಮೊದಲೇ ಶೆಡ್ಡಿಗೆ ನಡೆದಳು.

"ದಿಮ್ಮಿ ಎಲ್ಲೇ ಚಿಕ್ಕವಳೇ?"

"ಫಸಲು ಮುಗೀತಲ್ಲ ಅಕ್ಕಾ. ಸತ್ವ ಹೋಗಿತ್ತು, ತೆಗೆಸಿಬಿಟ್ಟೆ."

"ಈ ಅಕ್ಕಿ ಚೀಲ?"

"ಹೊಸ ದಿಮ್ಮಿಗೆ ಬಿತ್ತನೆ."

ಬಿತ್ತನೆಯೂ ಅಕ್ಕಿಯ ಮೇಲೆಯೇ ಬರುವುದರಿಂದ ಸುಳ್ಳು ಸರಾಗವಾಗಿ ಇಳಿಯಿತು. ಆಮೇಲೆ ಅವಳು ಡಬ್ಬಿಯ ಮುಚ್ಚಳ ತೆಗೆದಳು. ಚಿಟಿಕೆ ತೆಗೆದಳು. ನಾಲಿಗೆಗೆ ಹಾಕಿದಳು. ಕಣ್ಣು ಮುಚ್ಚಿದಳು. ಎಂದಿನಂತೆ ಮೂಗು ಸೊಟ್ಟ ಮಾಡಿದಳು.

"ಹೂಂ. ಕಹಿ ಇದೆ. ಒಬ್ಬಳೇ ಚೆನ್ನಾಗಿ ಮಾಡಿದ್ದೀಯ ಕಣೇ."

ಅವಳು ಒಳಗೆ ಹೋದ ಮೇಲೆ ನಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಹುರಿದ ಅಕ್ಕಿಹಿಟ್ಟು. ಕೊನೆಯಲ್ಲಿ ತುಸು ಸಿಹಿ.

ಚೀಲದವರು ಹೇಳಿದ್ದೇ ಸರಿಯಿರಬಹುದೇ? ನನ್ನ ನಾಲಿಗೆಗಿಂತ ಅಕ್ಕನ ನಾಲಿಗೆ ದೊಡ್ಡದಲ್ಲವೇ?

ಫೆಬ್ರವರಿ 20, ಗುರುವಾರ

ಬೆಳಗ್ಗೆ ನಾನು ಒಲೆಯ ಮೇಲಿಟ್ಟಿದ್ದ ಹಾಲು ಸೀದುಹೋಯಿತು. ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಅಕ್ಕ ಅದನ್ನೇ ಲೋಟಗಳಿಗೆ ಬಗ್ಗಿಸಿ, ತನ್ನದನ್ನು ತಳ ಕಾಣುವವರೆಗೂ ಕುಡಿದಿದ್ದಳು. ನಮ್ಮವರು ಒಂದು ಗುಟುಕು ಕುಡಿದು ಕಿಟಕಿಯಿಂದ ಆಚೆ ಉಗಿದರು.

"ಇದೇನತ್ತಿಗೆ, ಹಾಲೋ ಇದ್ದಿಲೋ?"

ಅಕ್ಕ ಕೂಡಲೇ ಮೂಗು ಸೊಟ್ಟ ಮಾಡಿದಳು. "ಹೌದಪ್ಪ, ಸೀದಿದೆ. ಪಾಪ, ಬೈಯೋದು ಯಾಕೆ ಅಂತ ಸುಮ್ನೆ ಕುಡಿದೆ."

ಬಾಯಿಗೆ ಎರಡು ರುಚಿ ಮಾತ್ರ ಗೊತ್ತಿರುವ ಮನುಷ್ಯ ನಮ್ಮವರು, ಬಿಸಿ ಮತ್ತು ತಣ್ಣಗೆ. ಅವರಿಗೇ ತಿಳಿದದ್ದು ಅಕ್ಕನಿಗೆ ತಿಳಿಯಲಿಲ್ಲ. ನೆನಪು ಮಾಡಿಕೊಂಡೆ: ಈಚೆಗೆ ಉಪ್ಪು ಹಾಕುವ ಮೊದಲು ನನ್ನನ್ನೇ ಕರೆದು ಸೌಟು ಚಾಚುತ್ತಾಳೆ. ಜ್ವರ ಅವಳ ನಾಲಿಗೆಯನ್ನು ತೆಗೆದುಕೊಂಡು ಹೋಗಿದೆ. ಅವಳು ಯಾರಿಗೂ ಹೇಳಿಲ್ಲ.

ಅಂದರೆ ನಾನು ಸಿಕ್ಕಿಬೀಳುವುದಿಲ್ಲ.

ಮೊದಲು ಬಂದ ಯೋಚನೆ ಇದು. ಅಯ್ಯೋ ಅಕ್ಕ ಎಂಬುದಲ್ಲ. ಹಾಯೆನಿಸಿತು. ಬರೆದದ್ದನ್ನು ಓದಿದರೆ ಮುಖ ಬಿಸಿಯಾಗುತ್ತಿದೆ. ಹೊಡೆದುಹಾಕುವುದಿಲ್ಲ, ಇರಲಿ.

ಫೆಬ್ರವರಿ 27, ಗುರುವಾರ

ಬೀದಿ ತುದಿಯ ಟೈಲರ್ ದೊಡ್ಡಪ್ಪ ಬಂದಿದ್ದರು. ಅಕ್ಕ ಅಣಬೆ ಶುರುಮಾಡಿದಾಗಿನಿಂದ ಕೊಳ್ಳುವವರು. ಕತ್ತಿನಲ್ಲಿ ಅಳತೆಯ ಪಟ್ಟಿ, ಬಾಯಲ್ಲಿ ಯಾವಾಗಲೂ ಒಂದು ಚುಚ್ಚುಮಾತು.

"ಏನಮ್ಮ, ಈ ಸಲ ನಿಮ್ಮ ಅಣಬೆಗೆ ಬುದ್ಧಿ ಬಂದಿದೆ? ಕಹಿ ಬಿಟ್ಟು ಸಂಭಾವಿತ ಆಗಿದೆ!"

ನಾನು ಹೇಳಬೇಕಾದದ್ದು ಬಹಳವಿತ್ತು. ಹೇಳಿದ್ದು ಒಂದೇ. "ಅಕ್ಕ ನೋಡಿದ್ದಾರೆ ದೊಡ್ಡಪ್ಪ. ಕಹಿ ಇದೆ ಅಂದ್ರು."

ಅವರ ನಗು ಅಲ್ಲೇ ನಿಂತಿತು. ತುಟಿ ಸವರಿಕೊಂಡರು. "ಅಕ್ಕ ಹೇಳಿದ್ರಾ? ಹಾಗಾದ್ರೆ ಸರಿ. ನನ್ನ ನಾಲಿಗೆಗೇ ಮುಪ್ಪು ಬಂದಿರ್ಬೇಕು. ಮೊದ್ಲು ಕಣ್ಣು ಹೋಯ್ತು, ಸೂಜಿಗೆ ದಾರ ಪೋಣಿಸೋಕೆ ಮೊಮ್ಮಗಳನ್ನ ಕರೀಬೇಕು. ಈಗ ಇದು."

ಎರಡು ಪೊಟ್ಟಣ ತೆಗೆದುಕೊಂಡು, ನಿಧಾನವಾಗಿ ಮೆಟ್ಟಿಲಿಳಿದು ಹೋದರು. ಬರುವಾಗ ಅಷ್ಟು ಮುದುಕರಾಗಿರಲಿಲ್ಲ.

ಮಾರ್ಚ್ 1, ಶನಿವಾರ

ಪುಡಿ ಇನ್ನೊಂದು ಅಂಗಡಿಗೂ ಹೋಯಿತು. ಮಕ್ಕಳೂ ಕುಡಿಯುತ್ತಾರಂತೆ. ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ 6, ಗುರುವಾರ

ಡಬ್ಬಿಯ ತಗಡು ತಾಗಿ ಬೆರಳು ಕುಯ್ದಿತು. ಗಾಯಕ್ಕೆ ಹಚ್ಚಲು ಅಯೋಡಿನ್ ಸೀಸೆ ಬಗ್ಗಿಸಿದರೆ ಒಂದು ಹನಿ ಮೇಜಿನ ಮೇಲೆ ಚೆಲ್ಲಿದ್ದ ಪುಡಿಗೆ ಬಿತ್ತು. ನೋಡುತ್ತಿದ್ದ ಹಾಗೆ ಅದು ಶಾಯಿಯಂತೆ ಕಡುನೀಲಿಯಾಯಿತು. ಶಾಲೆಯಲ್ಲಿ ಮೇಷ್ಟ್ರು ಆಲೂಗಡ್ಡೆ ಹೆಚ್ಚಿ ತೋರಿಸಿದ್ದು ಇದನ್ನೇ. ಪಿಷ್ಟವಿದ್ದರೆ ನೀಲಿ.

ಒಳಕೋಣೆಯಲ್ಲಿ ಹೋದ ವರ್ಷದ ದಿಮ್ಮಿಯ ಪುಡಿ ಒಂದಿಷ್ಟಿದೆ, ಅಕ್ಕನ ಕಷಾಯಕ್ಕೆಂದು ನಾನು ಬೇರೆ ಎತ್ತಿಟ್ಟಿರುವುದು. ಅದರ ಮೇಲೂ ಒಂದು ಹನಿ ಬಿಟ್ಟೆ. ಹನಿ ಕಂದಾಗಿಯೇ ಉಳಿಯಿತು.

ಬೆರಳಿನಿಂದ ರಕ್ತ ಹನಿಯುತ್ತಿತ್ತು. ನಾನು ಎರಡು ಕಲೆಗಳನ್ನು ನೋಡುತ್ತಾ ಕೂತಿದ್ದೆ. ಮನೆಗೆಂದು ಅದನ್ನು ಯಾಕೆ ಬೇರೆ ಎತ್ತಿಟ್ಟೆ? ಎರಡೂ ಒಂದೇ ಆಗಿದ್ದರೆ ಎತ್ತಿಡಬೇಕಾಗಿರಲಿಲ್ಲವಲ್ಲ. ಕೈಗೆ ಮೊದಲ ದಿನವೇ ಗೊತ್ತಿತ್ತು. ಬಾಯಿ ಮಾತ್ರ ಚೀಲದವರ ಕಥೆ ಹೇಳುತ್ತಿತ್ತು.

ಬೆಳೆಗಾರರ ತರಬೇತಿಯಲ್ಲಿ ಮೇಡಂ ಇದನ್ನೆಲ್ಲ ಹೇಳಿದ್ದರು. ಅಣಬೆಯ ಗುಣ ಎರಡು ಕಡೆ ಕೂತಿರುತ್ತದಂತೆ. ಒಂದು ಅದರ ಮೈಯ ನಾರಿನಲ್ಲಿ, ಬೀಟಾ ಗ್ಲುಕಾನ್ ಎಂದು. ಇನ್ನೊಂದು ಆ ಕಹಿಯಲ್ಲಿ, ಟ್ರೈಟರ್ಪೀನ್ ಎಂದು. ಮರವನ್ನು ನಿಧಾನವಾಗಿ ತಿಂದು, ಗಾಳಿ ಬೆಳಕು ಕಂಡು ಬಿಟ್ಟ ಕೊಡೆಯಲ್ಲಿ ಕಹಿ ತುಂಬಿಕೊಳ್ಳುತ್ತದೆ. ಅಕ್ಕಿಯ ಮೇಲೆ ಬೇಗ ಬೇಗ ಹಬ್ಬಿದ, ಅಣಬೆಯ ಬೇರಿನಂಥ ಬಿಳಿ ನೂಲಿನಲ್ಲಿ ಅದು ಅಷ್ಟು ಬರುವುದಿಲ್ಲ. ಆ ನೂಲನ್ನು ಅಕ್ಕಿಯಿಂದ ಬಿಡಿಸಲೂ ಬರುವುದಿಲ್ಲ, ಎಲ್ಲ ಕೂಡಿಸಿಯೇ ಬೀಸಬೇಕು. ಆ ದಿನ ಅಕ್ಕ ನನ್ನ ಪಕ್ಕೆ ತಿವಿದಿದ್ದಳು: "ಹೆಸರು ಅವರು ಇಟ್ಕೊಳ್ಳಲಿ, ಕಹಿ ನಾವು ಇಟ್ಕೊಳ್ಳೋಣ."

ಹಸು ಹುಲ್ಲು ತಿಂದರೂ ಹಿಂಡಿ ತಿಂದರೂ ಹಾಲು ಕೊಡುತ್ತದೆ, ನಿಜ. ನಾನು ಮಾರುತ್ತಿರುವುದು ಹಾಲಲ್ಲ, ಹಿಂಡಿ.

ಇನ್ನು ಮುಂದೆ ಇಲ್ಲಿ ಪುಡಿ ಎಂದು ಬರೆಯುವುದಿಲ್ಲ. ಅಕ್ಕಿ ಎಂದೇ ಬರೆಯುತ್ತೇನೆ.

ಮಾರ್ಚ್ 11, ಮಂಗಳವಾರ

ಹಿತ್ತಲಿಗೆ ನೀರು ಬಿಡಲು ಹೋದಾಗ ಅಕ್ಕ ಹಾಗಲ ಬಳ್ಳಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಹಸಿ ಹಾಗಲಕಾಯಿಯನ್ನು ಸೌತೆಕಾಯಿಯ ಹಾಗೆ ಕಡಿಯುತ್ತಿದ್ದಳು. ಒಂದು ಕಚ್ಚುವುದು, ಅಗಿಯುವುದು, ಕಾಯುವುದು. ಮತ್ತೆ ಇನ್ನೊಂದು. ಕೆನ್ನೆ ಒದ್ದೆಯಾಗಿತ್ತು.

ಸದ್ದಾಗದಂತೆ ಹಿಂದಕ್ಕೆ ಬಂದು, ಒಲೆಯ ಹತ್ತಿರ ಪಾತ್ರೆಯೊಂದನ್ನು ಬೇಕೆಂದೇ ಬೀಳಿಸಿದೆ. ಅವಳು ಮುಖ ಒರೆಸಿಕೊಂಡು ಬಂದಳು.

"ಏನೇ ಅದು?"

"ಕೈ ಜಾರಿತು."

"ಜಾರುತ್ತೆ, ಜಾರುತ್ತೆ. ಗಂಡ ತಂದುಹಾಕೋ ಪಾತ್ರೆ ಅಲ್ವಾ!"

ನಗಿಸಲು ಹೇಳಿದಳು. ನಕ್ಕೆ. ಈ ಮನೆಯಲ್ಲಿ ಅವಳಿಗೆ ಮಕ್ಕಳಿಲ್ಲ, ಗಂಡನಿಲ್ಲ. ಇರುವುದು ಆ ನಾಲಿಗೆಯ ಮಾತು. ಊರೆಲ್ಲ ಅವಳನ್ನು ಅಕ್ಕ ಎನ್ನುವುದು ಅದರಿಂದ. ಅದು ಹೋಗಿದೆ ಎಂದು ಅವಳು ಬಚ್ಚಿಡುತ್ತಿದ್ದಾಳೆ. ನಾನು ಆ ಸತ್ತ ನಾಲಿಗೆಯ ಮೇಲೆ ದಿನವೂ ಅಕ್ಕಿ ಸುರಿದು, "ಹೂಂ, ಕಹಿ ಇದೆ" ಎನ್ನಿಸಿ, ಹೊರಗೆ ಕಳಿಸುತ್ತಿದ್ದೇನೆ.

ನಿಜ ಹೇಳೋಣವೆಂದರೆ ಅವಳ ನಾಲಿಗೆಯ ಸುದ್ದಿಯನ್ನೂ ಹೇಳಿದಂತಾಗುತ್ತದೆ. ಹೇಳದಿರಲು ಎಷ್ಟು ಒಳ್ಳೆಯ ಕಾರಣ ಸಿಕ್ಕಿದೆ ನನಗೆ!

ಮಾರ್ಚ್ 15, ಶನಿವಾರ

ತರಬೇತಿಯ ಮೇಡಂ ಬಂದಿದ್ದರು. ಮುಂದಿನ ಭಾನುವಾರ ಬೆಳೆಗಾರರ ಸಂಘದಲ್ಲಿ ಸಭೆ. ಬೆಳೆಸುವ ಬಗೆ ಬದಲಾದರೆ ಅಣಬೆಯ ಗುಣ ಹೇಗೆ ಬದಲಾಗುತ್ತದೆಂದು ಕೊಳ್ಳುವವರಿಗೂ ತೋರಿಸಬೇಕಂತೆ.

"ಭಾಷಣ ಮಾಡಿದ್ರೆ ಜನ ಆಕಳಿಸ್ತಾರೆ. ಎರಡು ಬಟ್ಟಲು ಇಡೋಣ. ಒಂದು ನಿಮ್ಮ ಮನೆ ದಿಮ್ಮೀದು, ಅಂಗಡಿಯಿಂದ ನಾನೇ ತರ್ತೀನಿ. ಇನ್ನೊಂದು ಚೀಲದವರ ಅಕ್ಕೀದು. ಯಾವುದು ಯಾವುದು ಅಂತ ಅಕ್ಕ ಎಲ್ಲರ ಮುಂದೆ ನಾಲಿಗೆಯಲ್ಲೇ ಹೇಳಲಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ನನ್ನ ಕೈ ಹಾಗೆ ಸೆರಗಿಗೆ ಹೋಯಿತು. ಅಕ್ಕ ಒಪ್ಪುವುದಿಲ್ಲ ಎಂದುಕೊಂಡೆ.

"ಅದಕ್ಕೇನು, ಬರ್ತೀನಿ," ಎಂದಳು. ಮೇಡಂ ಹೋದ ಮೇಲೆ ಬಹಳ ಹೊತ್ತು ಖಾಲಿ ಲೋಟಗಳನ್ನು ತೊಳೆದಳು. ತೊಳೆದವುಗಳನ್ನೇ ತೊಳೆದಳು.

ಮಾರ್ಚ್ 22, ಶನಿವಾರ

ನಾಳೆ ಸಭೆ. ಮೊದಲನೇ ಬಟ್ಟಲಿಗೆ ಒಂದು ಸಲ, ಎರಡನೆಯದಕ್ಕೆ ಎರಡು ಸಲ ಕೆಮ್ಮುತ್ತೇನೆ ಎಂದು ಅವಳಿಗೆ ಹೇಳೋಣ ಎನ್ನಿಸಿತು. ಎಂಥ ಮೂರ್ಖಿ ನಾನು. ಎರಡು ಬಟ್ಟಲಲ್ಲೂ ಅಕ್ಕಿಯೇ ಇರುವಾಗ ಯಾವುದಕ್ಕೆ ಎಷ್ಟು ಕೆಮ್ಮಲಿ?

ಸಂಜೆ ಇಬ್ಬರೂ ಬಟ್ಟೆ ಮಡಿಸುತ್ತಾ ಕೂತೆವು.

"ಅಕ್ಕಾ..."

"ಏನೇ?"

"ನಾಳೆ ಯಾವ ಸೀರೆ ಉಟ್ಕೋತೀಯಾ?"

"ಬೂದು ಬಣ್ಣದ್ದು." ಇನ್ನೊಂದು ಸೀರೆ ಎತ್ತಿಕೊಂಡು ಅವಳು, "ಚಿಕ್ಕವಳೇ..." ಎಂದಳು.

"ಏನಕ್ಕಾ?"

"ಏನಿಲ್ಲ. ಇದರ ಅಂಚು ಬಿಟ್ಟಿದೆ ನೋಡು."

ಮಾರ್ಚ್ 23, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸಂಘದ ಹಾಲ್ ತುಂಬಿತ್ತು. ಟೈಲರ್ ದೊಡ್ಡಪ್ಪ ಮುಂದಿನ ಸಾಲಿನಲ್ಲಿ, ಚೀಲದವರು ಗೋಡೆಗೆ ಒರಗಿಕೊಂಡು. ಪಕ್ಕದೂರಿನ ಬೆಳೆಗಾರರೊಬ್ಬರು ತಮ್ಮ ದಿಮ್ಮಿಯ ಅಣಬೆಗಳನ್ನು ಇಡಿಯಾಗಿ ಒಂದು ಬುಟ್ಟಿಯಲ್ಲಿ ನೋಡಲು ಇಟ್ಟಿದ್ದರು. ಮೇಜಿನ ಮೇಲೆ ಎರಡು ಬಟ್ಟಲು. ಅವುಗಳ ಹಿಂದೆ ಬೂದು ಸೀರೆಯಲ್ಲಿ ಅಕ್ಕ.

ಅಕ್ಕ ಮೊದಲ ಬಟ್ಟಲಿನಿಂದ ಚಿಟಿಕೆ ತೆಗೆದಳು. ಎರಡನೆಯದರಿಂದ ತೆಗೆದಳು. ಕಣ್ಣು ಮುಚ್ಚಲಿಲ್ಲ. ಬಣ್ಣ ನೋಡಿದಳು, ಬೆರಳಲ್ಲಿ ಉಜ್ಜಿ ನೋಡಿದಳು, ಮೇಡಂ ಮುಖ ನೋಡಿದಳು, ಆಮೇಲೆ ನನ್ನನ್ನು. ನೀರಿಗೆ ಬಿದ್ದವರು ದಡದವರನ್ನು ನೋಡುವ ಹಾಗೆ ನೋಡಿದಳು.

ಅವಳ ಬೆರಳು ಒಂದು ಬಟ್ಟಲಿನ ಕಡೆ ಹೊರಟಿತು. ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯದು.

"ಹೇಳಬೇಡ ಅಕ್ಕಾ. ಎರಡೂ ಒಂದೇ. ಎರಡೂ ಅಕ್ಕೀನೇ."

ಮೇಡಂ, "ಏನಮ್ಮ ಹಾಗಂದ್ರೆ?" ಎಂದರು. ಹೇಳಿದೆ. ಗಾಳಿಕಿಂಡಿ ಮುಚ್ಚಿದ್ದು, ದಿಮ್ಮಿ ಕೊಳೆತದ್ದು, ಅಕ್ಕಿ ಬೀಸಿದ್ದು. ಕೊನೆಗೆ ಒಂದು ಸುಳ್ಳನ್ನೂ ಸೇರಿಸಿದೆ. "ಈ ಪುಡಿ ಅಕ್ಕನ ಕೈಗೇ ಹೋಗಿಲ್ಲ. ನಾನೇ ಅವಳ ಹೆಸರು ಹೇಳಿ ಮಾರಿದೆ."

ಅಕ್ಕ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ಕೂತ್ಕೊಳ್ಳೇ. ಹೇಳೋಕೆ ಹೊರಟ ಮೇಲೆ ಪೂರ್ತಿ ಹೇಳ್ಬೇಕು. ಪ್ರತಿ ಡಬ್ಬಿನೂ ನಾನೇ ನೋಡಿದ್ದೀನಿ. ನೋಡಿ ಕಹಿ ಅಂದಿದ್ದೀನಿ." ಜನರ ಕಡೆ ತಿರುಗಿದಳು. "ಜ್ವರ ಬಂದಾಗಿನಿಂದ ನನಗೆ ಸಕ್ಕರೆನೂ ಒಂದೇ, ಸುಣ್ಣಾನೂ ಒಂದೇ. ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ನಾಲಿಗೆ ಇಲ್ಲದ ಅಕ್ಕನ್ನ ಯಾರು ಅಕ್ಕ ಅಂತಾರೆ?"

ಮೇಡಂ ಎರಡು ಬಟ್ಟಲಿಗೂ ಅಯೋಡಿನ್ ಹನಿ ಬಿಟ್ಟರು. ಎರಡೂ ನೀಲಿ. ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು.

ಚೀಲದವರು ಗೋಡೆ ಬಿಟ್ಟು ಮುಂದೆ ಬಂದರು. "ನಾನು ಅಕ್ಕೀದು ಅಂತ ಹೇಳೇ ಕೊಟ್ಟಿದ್ದು. ದಿಮ್ಮೀದು ಅಂತ ಮಾರಿ ಅಂದಿರ್ಲಿಲ್ಲ." ಅವರು ಹೇಳಿದ್ದು ನಿಜ. ಅವರ ಕಥೆಗೆ ಆ ತುದಿ ಕಟ್ಟಿದವಳು ನಾನು.

ಟೈಲರ್ ದೊಡ್ಡಪ್ಪ ನನ್ನ ಹತ್ತಿರ ಬಂದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ.

"ಹಾಗಾದ್ರೆ ನನ್ನ ನಾಲಿಗೆ ಸರಿ ಇತ್ತಾ?"

"ಸರಿ ಇತ್ತು ದೊಡ್ಡಪ್ಪ."

"ಒಂದು ಮಾತು ಹೇಳ್ಬಾರ್ದಿತ್ತೇನಮ್ಮ? ಅಲ್ಲಿಂದ ಇಲ್ಲೀವರೆಗೂ ನಾನು ಮನೇಲಿ ಒಂದು ತುತ್ತನ್ನೂ ನಂಬಿ ತಿಂದಿಲ್ಲ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮನೆಗೆ ಬರುವಾಗ ಅಕ್ಕ ಮುಂದೆ, ನಾನು ಹಿಂದೆ. ಬುಟ್ಟಿಯ ಬೆಳೆಗಾರರು ಉಳಿದ ಅಣಬೆಗಳನ್ನು ಅವಳ ಕೈಗೆ ಕೊಟ್ಟಿದ್ದರು. ಬಾಗಿಲು ತೆಗೆಯುವಾಗ ಅಕ್ಕ, "ನಾಲಿಗೆ ವಿಷ್ಯ ನಿನಗೆ ಯಾವಾಗ ಗೊತ್ತಾಯ್ತು?" ಎಂದಳು.

"ಹಾಲು ಸೀದ ದಿನ."

"ಗೊತ್ತಿದ್ದೂ ದಿನಾ ಡಬ್ಬಿ ತಂದು ಮುಂದಿಟ್ಟೆ."

ಪ್ರಶ್ನೆಯಲ್ಲ ಅದು. ನಾನು ಹೂಂ ಎಂದೆ.

ಮಾರ್ಚ್ 24, ಸೋಮವಾರ

ಬೆಳಗ್ಗೆ ಕದ ತೆರೆದರೆ ಜಗಲಿಯ ಮೇಲೆ ಆಗಲೇ ಪೊಟ್ಟಣಗಳು ಬಂದು ಕೂತಿದ್ದವು. ಕೆಲವು ಒಡೆದವು, ಕೆಲವು ಅರ್ಧ ಆದವು. ಒಂದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಜೋಪಾನ ಮಾಡಿದ್ದರು. ನಾನು ಅವನ್ನು ಗೊಬ್ಬರದ ಗುಂಡಿಗೆ ಹೊತ್ತು ಹಾಕುತ್ತಿರುವಾಗಲೇ ನಿನ್ನೆ ಹಾಲ್‌ನಲ್ಲಿ ಕೂತು ಕೇಳಿದವರು ಒಬ್ಬೊಬ್ಬರಾಗಿ ಬಂದರು. ನನಗೆ ಹೇಳಿದ್ದು ಇಷ್ಟೇ: "ಸ್ವಲ್ಪ ಜರುಗಮ್ಮ."

ಟೈಲರ್ ದೊಡ್ಡಪ್ಪ ಅಕ್ಕನನ್ನು ಕೂಗಿದರು. "ಅಕ್ಕಾ, ಕಹಿ ಅಂದ್ರೆ ಎಷ್ಟು ಕಹಿ ಇರ್ಬೇಕು ಅಂತ ನಮಗೇ ತೋರಿಸಿಬಿಡು. ಇನ್ಮೇಲೆ ಯಾರೂ ಇನ್ನೊಬ್ಬರ ಬಾಯಲ್ಲಿ ರುಚಿ ನೋಡೋದು ಬೇಡ."

ಅಕ್ಕ ಹೊಸಿಲಿಗೆ ಬಂದು ನೆರೆದವರನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ಒಳಗೆ ಹೋಗಿ ಚಾಕುವನ್ನೂ ಪಕ್ಕದೂರಿನವರು ಕೊಟ್ಟ ಅಣಬೆಯನ್ನೂ ತಂದಳು. ಗಟ್ಟಿ ಕೊಡೆಯನ್ನು ಮಣೆಯ ಮೇಲಿಟ್ಟು ಸೀಳಿ, ಮುಂದೆ ಬಂದ ಒಂದೊಂದು ಅಂಗೈಗೂ ಒಂದೊಂದು ಚೂರು ಹಾಕಿದಳು. ಜಗಲಿಯುದ್ದಕ್ಕೂ ಸಾಲಾಗಿ ನಿಂತು ಎಲ್ಲರೂ ಅಗಿದರು. ಒಬ್ಬರ ಕಣ್ಣು ಸಣ್ಣದಾಯಿತು, ಒಬ್ಬರ ಕತ್ತಿನ ನರ ಎದ್ದಿತು, ದೊಡ್ಡಪ್ಪ ಕಂಬ ಹಿಡಿದುಕೊಂಡು, "ಅಯ್ಯಪ್ಪಾ, ಇದು! ಇದೇ ಕಣಮ್ಮ ಇದು!" ಎಂದು ಕಾಲು ಕುಣಿಸಿದರು.

ಅಕ್ಕ ಚಾಕು ಕೆಳಗಿಟ್ಟಳು. ಒಬ್ಬೊಬ್ಬರ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ, ಸೊಟ್ಟ ಮೂಗನ್ನೂ ನೀರಾಡಿದ ಕಣ್ಣನ್ನೂ ಹತ್ತಿರದಿಂದ ನೋಡುತ್ತಾ, "ಹೂಂ. ಕಹಿ ಇದೆ. ಹೂಂ, ನಿನ್ನದೂ ಕಹಿ ಇದೆ," ಎಂದು ಹೇಳಿಕೊಂಡು ಸಾಲಿನುದ್ದಕ್ಕೂ ಬಂದಳು. ಸಾಲಿನ ಕೊನೆಯಲ್ಲಿ, ಕೈಯ ಗೊಬ್ಬರ ಒರೆಸಿಕೊಂಡು ನಾನು ನಿಂತಿದ್ದೆ. ಅಕ್ಕ ಮಣೆಗೆ ಹಿಂದಿರುಗಿ, ಇದ್ದದ್ದರಲ್ಲೇ ದೊಡ್ಡ ಚೂರನ್ನು ಆರಿಸಿ ತಂದು ನನ್ನ ನಾಲಿಗೆಯ ಮೇಲಿಟ್ಟಳು.

ಯಾರೂ ಮನೆಗೆ ಹೊರಡಲಿಲ್ಲ. ತಮ್ಮ ತಮ್ಮ ಕಹಿಯನ್ನು ಬಾಯಲ್ಲಿಟ್ಟುಕೊಂಡೇ, ನಾನು ಅಗಿದು ಮುಗಿಸುವವರೆಗೂ ನೋಡುತ್ತಾ ನಿಂತರು.